ರಾಯಚೂರಿನ ಬಿಸಿಲಿಗೆ ಬೆಂಗಳೂರಿನ ಬುದ್ಧಿವಾದ

ಹೋದ ವರ್ಷ ಮಾರ್ಚ್ ಕೊನೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ಹೊರಟೆ. ಎರಡು ಮಣ್ಣಿನ ಗಡಿಗೆ, ಅವಕ್ಕೆ ತೂತು, ತಳಕ್ಕೆ ತೆಂಗಿನ ನಾರು, ಎಲ್ಲವೂ ಹೇಳಿದಂತೆಯೇ. ನೀರು ಹೆಚ್ಚಾದರೆ ನಾರುತ್ತದೆ ಎಂದು ಆ ಹೆಣ್ಣುಮಗಳು ಹತ್ತು ಸಲ ಎಚ್ಚರಿಸಿದ್ದರಿಂದ ಒಂದು ಹನಿಯನ್ನೂ ಹಾಕಲಿಲ್ಲ. ಇಪ್ಪತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ಬದನೆಕಾಯಿ ತೊಟ್ಟು, ಹೀರೇಕಾಯಿ ಸಿಪ್ಪೆ ಎಲ್ಲ ಸಂಡಿಗೆಯಂತೆ ಗರಿಗರಿಯಾಗಿದ್ದವು. ನಮ್ಮತ್ತೆ ಇಣುಕಿ ನೋಡಿ, "ಎಣ್ಣೆಯಲ್ಲಿ ಕರಿದುಬಿಡವ್ವಾ, ಊಟಕ್ಕೆ ಆಗುತ್ತದೆ" ಎಂದರು.

ವಿಡಿಯೋ ಮಾಡಿದವರದು ತಪ್ಪಲ್ಲ. ಅವರ ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲೂ ಸಂಜೆ ಒಂದು ಮಳೆ ಬಂದು ಹೋಗುತ್ತದೆ. ನಮ್ಮಲ್ಲಿ ಪಾದರಸ 40 ದಾಟಿ ಕೂತಿರುತ್ತದೆ. ಚಾದರದ ಒಂದು ತುದಿಗೆ ಕ್ಲಿಪ್ ಹಾಕುವಷ್ಟರಲ್ಲಿ ಇನ್ನೊಂದು ತುದಿ ಒಣಗಿರುತ್ತದೆ. ಕೊಳೆಯುವುದಕ್ಕೂ ತೇವ ಬೇಕಲ್ಲ! ಗಡಿಗೆಗಳನ್ನು ಬೇವಿನ ನೆರಳಿಗೆ ಸರಿಸಿ, ಮೇಲೆ ಹಸಿ ಗೋಣಿತಟ್ಟು ಹೊದಿಸಿ, ದಿನವೂ ಅಕ್ಕಿ ತೊಳೆದ ನೀರು, ಆಗೊಮ್ಮೆ ಈಗೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸತೊಡಗಿದ ಮೇಲೆ ಕಸ ಕಪ್ಪಾಯಿತು.

ಆಮೇಲೆ ನನಗೆ ಅನ್ನಿಸಿದ್ದು: ನಮ್ಮೂರಿನಲ್ಲಿ ಪರಿಸರದ ಮಾತು ಬಟ್ಟೆ ಚೀಲದಿಂದಲ್ಲ, ತಂಪಿನಿಂದ ಶುರುವಾಗಬೇಕು. ಎಲ್ಲರ ಮನೆಗೂ ಎಸಿ ಬರುತ್ತಿದೆ. ಒಂದೂವರೆ ಟನ್ನಿನ ಎಸಿ ಸುಮಾರು 1,500 ವಾಟ್ ಎಳೆದರೆ ಕೂಲರ್ 200ರ ಆಸುಪಾಸಿನಲ್ಲಿ ಮುಗಿಸುತ್ತದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗಿ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ಕಿಟಕಿ ಒಂದಿಷ್ಟು ತೆರೆದಿಡಬೇಕು, ಇಲ್ಲದಿದ್ದರೆ ಕೋಣೆಯೆಲ್ಲ ಜಿಗಿಜಿಗಿ. ಎಸಿ ಬೇಕೇ ಬೇಕೆನ್ನುವವರು 18ಕ್ಕೆ ಇಟ್ಟು ರಗ್ಗು ಹೊದೆಯುವುದನ್ನಾದರೂ ಬಿಡಲಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ.

"ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತದಲ್ಲ, ನಿಮಗೇನು ಚಿಂತೆ ಅಕ್ಕಾ?" ಎಂದು ಪಕ್ಕದ ಮನೆಯ ಹುಡುಗ ಕೇಳಿದ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬುದು ಅವನಿಗೆ ಮೇ ತಿಂಗಳಲ್ಲಿ ಗೊತ್ತಾಯಿತು, ಇರಲಿ. ಬೇರೆ ಊರಿನವರು ಕರೆಂಟು ಗೋಡೆಯಿಂದ ಬರುತ್ತದೆ ಎಂದುಕೊಂಡರೆ ಕ್ಷಮಿಸಬಹುದು. ನಾವು ಹೈದರಾಬಾದ್ ಬಸ್ ಹತ್ತಿದರೆ ಕೃಷ್ಣಾ ಸೇತುವೆಗೆ ಮೊದಲೇ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವಾಟ್. ಆ ಬೂದಿ ಬೀಳುವುದು ನಮ್ಮದೇ ಜಿಲ್ಲೆಯ ನೆಲದ ಮೇಲೆ.

ಮಾಳಿಗೆಗೆ ಯುಗಾದಿಗೆ ಮೊದಲು ಎರಡು ಕೈ ಸುಣ್ಣ ಬಳಿಸಿದೆ. ಮಧ್ಯಾಹ್ನ ಬರಿಗಾಲಿನಲ್ಲಿ ಹೋಗಿ ಒಣಹಾಕಿದ ಮೆಣಸಿನಕಾಯಿ ತಿರುವಿ ಬರುವಷ್ಟು ವ್ಯತ್ಯಾಸ ಇದೆ. ಗೀಸರ್ ಸ್ವಿಚ್ಚನ್ನು ಶಿವರಾತ್ರಿಗೇ ಆರಿಸುತ್ತೇನೆ. ಮೇ ತಿಂಗಳಲ್ಲಿ ನಲ್ಲಿ ತಿರುವಿದರೆ ಬರುವುದೇ ಕುದಿನೀರು, ತಣ್ಣೀರು ಬೇಕಾದವರು ರಾತ್ರಿಯೇ ಬಕೆಟ್ ತುಂಬಿಡಬೇಕು.

ಕೂಲರ್‌ನ ಒಂದು ತಕರಾರು ಮಾತ್ರ ಬಗೆಹರಿದಿಲ್ಲ: ನೀರು. ನಮ್ಮ ಓಣಿಗೆ ನಲ್ಲಿ ಬರುವುದು ದಿನ ಬಿಟ್ಟು ದಿನ, ಕೂಲರ್ ಕುಡಿಯುವುದು ದಿನಕ್ಕೆ ಮೂರು ಬಕೆಟ್. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಹಾಕಿ ನೋಡಿದೆ, ತಿಂಗಳೊಳಗೆ ಕೂಲರ್‌ನ ಹುಲ್ಲಿನ ಪ್ಯಾಡಿನ ಮೇಲೆ ಉಪ್ಪು ಕಟ್ಟಿತು. ಆ ನೀರು ಈಗ ನೆಲ ಒರೆಸುವುದಕ್ಕೆ. ಕೂಲರ್‌ಗೆ ಬೇರೆ ದಾರಿ ಕಂಡವರು ತಿಳಿಸಿ, ಆದರೆ ರಾಯಚೂರಿನಲ್ಲಿ ಒಂದು ಬೇಸಿಗೆ ಕಳೆದವರಾಗಿರಬೇಕು.