ಶೂನ್ಯ ವಿಸರ್ಜನೆಯ ಮಹಾತ್ಮೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೊಳಚೆ ನೀರು ಶುದ್ಧವಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಗಳು ಬಹುಕಾಲ ಕೊಟ್ಟ ಉತ್ತರ ಒಂದೇ: ಎಲ್ಲಿಗೂ ಹೋಗಬಾರದು. ಇದಕ್ಕೆ ಶೂನ್ಯ ವಿಸರ್ಜನೆ ಎಂದು ಹೆಸರು. ನೆಲಮಾಳಿಗೆಯ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ಶುದ್ಧೀಕರಣ ಘಟಕದಲ್ಲಿ, ಹಗಲಿರುಳು ಗಾಳಿ ಊದಿಸಿಕೊಂಡು, ಮರಳು ಮತ್ತು ಇದ್ದಿಲಿನ ಫಿಲ್ಟರುಗಳನ್ನು ದಾಟಿ, ಕ್ಲೋರಿನ್ನಿನಲ್ಲಿ ಪ್ರಾಯಶ್ಚಿತ್ತ ಮಾಡಿಸಿಕೊಂಡು ಬಂದ ನೀರು ಶೌಚಾಲಯದ ಫ್ಲಶ್ಶಿಗೂ ಆವರಣದ ತೋಟಕ್ಕೂ ಬಳಕೆಯಾಗಿ ಅಲ್ಲಿಯೇ ಮುಕ್ತಿ ಪಡೆಯಬೇಕು. ಅದರ ಒಂದು ಹನಿಯೂ ಗೇಟು ದಾಟಕೂಡದು.

ಸರ್ಕಾರಿ ಕೈಪಿಡಿಗಳ ಲೆಕ್ಕವನ್ನೇ ಹಿಡಿದು ನೋಡೋಣ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಮತ್ತು ಅದರಲ್ಲಿ ಶೇ. 80ರಷ್ಟು, ಅಂದರೆ 108 ಲೀಟರ್, ಕೊಳಚೆಯಾಗುತ್ತದೆ. ಫ್ಲಶ್ಶಿಗೆ ಹಿಡಿಸುವುದು 45 ಲೀಟರ್. ಉಳಿದ 63 ಲೀಟರನ್ನು ತೋಟವೇ ಕುಡಿದು ಮುಗಿಸಬೇಕು. ಇನ್ನೂರು ಮನೆಗಳ ಒಂದು ಸಾಧಾರಣ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ನಾಲ್ವರಂತೆ ಎಂಟುನೂರು ಜನರಿದ್ದರೆ, ತೋಟದ ಪಾಲಿಗೆ ದಿನಕ್ಕೆ ಐವತ್ತು ಸಾವಿರ ಲೀಟರ್ ಬರುತ್ತದೆ. ಚದರ ಮೀಟರಿಗೆ ಐದು ಲೀಟರಿನಂತೆ ಧಾರಾಳವಾಗಿ ಸುರಿದರೂ ಇದನ್ನು ಇಂಗಿಸಿಕೊಳ್ಳಲು ಎರಡೂವರೆ ಎಕರೆ ತೋಟ ಬೇಕು. ಬೆಂಗಳೂರಿನಲ್ಲಿ ಎರಡೂವರೆ ಎಕರೆ ಖಾಲಿ ಜಾಗ ಸಿಕ್ಕಿದ ಬಿಲ್ಡರ್ ಅಲ್ಲಿ ತೋಟ ಮಾಡುವುದಿಲ್ಲ, ಇನ್ನೊಂದು ಅಪಾರ್ಟ್‌ಮೆಂಟ್ ಕಟ್ಟುತ್ತಾನೆ; ಅದಕ್ಕೂ ಒಂದು ಎಸ್‌ಟಿಪಿ ಬೇಕಾಗುತ್ತದೆ. ಕೊನೆಗೆ ತೋಟ ಎನ್ನುವುದು ಸೆಕ್ಯುರಿಟಿ ಕೋಣೆಯ ಪಕ್ಕದ ಕ್ರೋಟನ್ ಗಿಡಗಳ ಸಾಲು, ಮಕ್ಕಳ ಜಾರುಬಂಡೆಯ ಸುತ್ತಲಿನ ಒಂದು ಹಿಡಿ ಲಾನು, ಮತ್ತು ಬ್ರೋಷರಿನಲ್ಲಿ ಮಾತ್ರ ಬೆಳೆದು ನಿಂತಿರುವ ಕೆಲವು ತಾಳೆ ಮರಗಳಿಗೆ ಇಳಿಯುತ್ತದೆ.

ಈ ಲೆಕ್ಕ ಬೇಸಗೆಯದು. ಶೂನ್ಯ ವಿಸರ್ಜನೆಯ ಶಾಸ್ತ್ರದಲ್ಲಿ ಮಳೆಗಾಲ ಎಂಬ ಋತುವಿಗೆ ಸ್ಥಾನವಿದ್ದಂತಿಲ್ಲ. ಆದುದರಿಂದಲೇ ಆಗಸ್ಟಿನ ಜಡಿಮಳೆಯಲ್ಲಿ, ಕಾಲಿನ ಕೆಳಗಿನ ಲಾನು ಆಗಲೇ ಕೆಸರುಗದ್ದೆಯಾಗಿರುವಾಗ, ನೀಲಿ ರೇನ್‌ಕೋಟು ತೊಟ್ಟ ಮಾಲಿಯೊಬ್ಬ ಪೈಪು ಹಿಡಿದು ಅದೇ ಲಾನಿಗೆ ನೀರು ಹಾಯಿಸುವ ದೃಶ್ಯ ಈ ನಗರದಲ್ಲಿ ಕಾಣಸಿಗುತ್ತದೆ. ದಾರಿಹೋಕರು ಅವನನ್ನು ನೋಡಿ ನಗುತ್ತಾರೆ. ನಗಬಾರದು; ಊರೆಲ್ಲ ಹುಡುಕಿದರೂ ಸಮ್ಮತಿ ಪತ್ರದ ಷರತ್ತನ್ನು ಅಕ್ಷರಶಃ ಪಾಲಿಸುತ್ತಿರುವವನು ಅವನೊಬ್ಬನೇ ಸಿಗುವುದು. ಉಳಿದ ಕಡೆಗಳಲ್ಲಿ ಈ ಕೆಲಸವನ್ನು ನೆಲಮಾಳಿಗೆಯ ಮೂಲೆಯ ಒಂದು ತುಕ್ಕು ಹಿಡಿದ ವಾಲ್ವು ರಾತ್ರಿಯ ಹೊತ್ತು ಮುಗಿಸುತ್ತದೆ. ಅದು ರಾಜಕಾಲುವೆಯ ಕಡೆಗೆ ತೆರೆದುಕೊಳ್ಳುತ್ತದೆಂದು ಎಲ್ಲರಿಗೂ ಗೊತ್ತು, ಮತ್ತು ಯಾವ ನಕ್ಷೆಯಲ್ಲಿಯೂ ಅದಕ್ಕೆ ಗುರುತಿಲ್ಲ.

ಸಮ್ಮತಿ ಒಂದಲ್ಲ, ಎರಡು. ಕಟ್ಟುವುದಕ್ಕೆ ಸ್ಥಾಪನಾ ಸಮ್ಮತಿ, ನಡೆಸುವುದಕ್ಕೆ ಕಾರ್ಯಾಚರಣೆ ಸಮ್ಮತಿ. 1974ರ ಜಲ ಮಾಲಿನ್ಯ ಕಾಯಿದೆ ಬರೆದವರು ಚರ್ಮ ಹದಮಾಡುವ ಘಟಕಗಳನ್ನೂ ಕಾಗದದ ಗಿರಣಿಗಳನ್ನೂ ಕಣ್ಣ ಮುಂದಿಟ್ಟುಕೊಂಡಿದ್ದಿರಬೇಕು. ಬೆಳಿಗ್ಗೆ ಏಳು ಗಂಟೆಗೆ ಇನ್ನೂರು ಮನೆಗಳಲ್ಲಿ ಏಕಕಾಲಕ್ಕೆ ನಡೆಯುವ ಸ್ನಾನವನ್ನೂ ಅದೇ ಕಾಯಿದೆಯ ‘ಕೈಗಾರಿಕೆ, ಕಾರ್ಯಾಚರಣೆ ಅಥವಾ ಪ್ರಕ್ರಿಯೆ’ಯೊಳಗೆ ಸೇರಿಸಿದ್ದು ನಮ್ಮ ಕಾಲದ ಸಾಧನೆ. ಸ್ಥಾಪನಾ ಸಮ್ಮತಿಯನ್ನು ಪಡೆಯುವವನು ಬಿಲ್ಡರ್. ಅವನು ಕೊನೆಯ ಮನೆಯನ್ನು ಮಾರಿ ಹೊರಟು ಹೋದ ಮೇಲೆ ಬರುವ ನೋಟಿಸನ್ನು ಪಡೆಯುವವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಇವರು ಸಾಮಾನ್ಯವಾಗಿ ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದು, ಮೊಮ್ಮಗಳನ್ನು ಶಾಲಾ ಬಸ್ಸಿಗೆ ಹತ್ತಿಸಿ ಬಂದು ಜೈವಿಕ ಆಮ್ಲಜನಕದ ಬೇಡಿಕೆಯ (ಬಿಓಡಿ, ಅಂದರೆ ನೀರಿನಲ್ಲಿ ಉಳಿದ ಕೊಳೆಯ ಅಳತೆ; ಕಡಿಮೆಯಿದ್ದಷ್ಟೂ ನೀರು ಶುದ್ಧ) ಅಧ್ಯಯನಕ್ಕೆ ಕೂರುತ್ತಾರೆ. ಅಧ್ಯಯನ ಸುಲಭದ್ದಲ್ಲ. ಮಂಡಳಿ ಅಪಾರ್ಟ್‌ಮೆಂಟುಗಳಿಂದ ಲೀಟರಿಗೆ 10 ಮಿಲಿಗ್ರಾಂ ಬಿಓಡಿ ಕೇಳುತ್ತಿದ್ದಾಗಲೇ, 2017ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಮಹಾನಗರಗಳ ಶುದ್ಧೀಕರಣ ಘಟಕಗಳಿಗೆ 20 ಸಾಕೆಂದಿತು; 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಲದು, 10 ಇರಲಿ ಎಂದಿತು. ಇಷ್ಟೆಲ್ಲ ವಾದದ ನಡುವೆಯೂ ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳು ಕರೆಂಟ್ ಇದ್ದಾಗ ಕೆಲಸ ಮಾಡಿ, ಬಿಲ್ಲು ಉಳಿಸಲೆಂದು ಬ್ಲೋವರ್ ಆರಿಸಿದಾಗ ಸಾಯುವ ತಮ್ಮ ಹಳೆಯ ಪದ್ಧತಿಯನ್ನು ಬದಲಾಯಿಸಲಿಲ್ಲ.

2016ರಲ್ಲಿ ಸರ್ಕಾರಕ್ಕೆ ಇನ್ನಷ್ಟು ಉತ್ಸಾಹ ಬಂದಿತು. ಒಳಚರಂಡಿ ಸಂಪರ್ಕವಿದ್ದು, ಅದರ ಶುಲ್ಕವನ್ನು ಜಲಮಂಡಳಿಗೆ ತಿಂಗಳು ತಿಂಗಳೂ ಕಟ್ಟುತ್ತಿದ್ದ ಹಳೆಯ ಅಪಾರ್ಟ್‌ಮೆಂಟುಗಳು ಕೂಡ, ಐವತ್ತು ಮನೆಗಳಿದ್ದರೆ ಸಾಕು, ಎಸ್‌ಟಿಪಿ ಕಟ್ಟಿಕೊಳ್ಳಬೇಕೆಂದೂ ಫ್ಲಶ್ಶಿಗೆ ಪ್ರತ್ಯೇಕ ಪೈಪು ಎಳೆಯಬೇಕೆಂದೂ ಹೊರಟಿತು. ಇಪ್ಪತ್ತು ವರ್ಷದ ಕಟ್ಟಡದಲ್ಲಿ ಪ್ರತ್ಯೇಕ ಪೈಪು ಎಳೆಯುವುದೆಂದರೆ ಪ್ರತಿ ಬಚ್ಚಲ ಗೋಡೆಯನ್ನೂ ಒಡೆಯುವುದು. ನಿವಾಸಿಗಳು ಫಲಕ ಹಿಡಿದು ಬೀದಿಗಿಳಿದ ಮೇಲೆ ಸರ್ಕಾರ ಸ್ವರ ತಗ್ಗಿಸಿತು, ಗೋಡೆಗಳು ಉಳಿದವು.

ಈ ಉತ್ಸಾಹದ ಹೊತ್ತಿಗೆ ಊರಿನ ಇನ್ನೊಂದು ಮಗ್ಗುಲಲ್ಲಿ, ಊರಿನದೇ ಕೊಳಚೆ ತುಂಬಿಕೊಂಡ ಬೆಳ್ಳಂದೂರು ಕೆರೆ ನೊರೆ ಕಾರುತ್ತ, ನಡುನಡುವೆ ಬೆಂಕಿಯನ್ನೂ ಹೊತ್ತಿಸಿಕೊಳ್ಳುತ್ತಿತ್ತು. 2018ರ ಜನವರಿಯಲ್ಲಿ ಕೆರೆಯ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು, ಮತ್ತು ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಪುರಾಣ ಹೇಳುವುದಕ್ಕೆ, ಬದನೇಕಾಯಿ ತಿನ್ನುವುದಕ್ಕೆ ಎಂದು ಯಾರಾದರೂ ಗೊಣಗಿದ್ದರೆ ಅದು ತಪ್ಪು ಗ್ರಹಿಕೆ: ಗೇಟಿರುವುದು ಅಪಾರ್ಟ್‌ಮೆಂಟಿಗೆ, ಕೆರೆಗೆ ಗೇಟಿಲ್ಲ, ಗೇಟಿಲ್ಲದ ಕಡೆ ಗೇಟು ದಾಟಬಾರದೆಂಬ ಷರತ್ತು ಅನ್ವಯಿಸುವುದಾದರೂ ಹೇಗೆ?

2024ರಲ್ಲಿ, ಬರ ಬಾಗಿಲಿಗೆ ಬಂದು ನಿಂತಾಗ, ಶುದ್ಧೀಕರಿಸಿದ ನೀರಿನಲ್ಲಿ ಅರ್ಧದಷ್ಟನ್ನು ಅಪಾರ್ಟ್‌ಮೆಂಟುಗಳು ಹೊರಗೆ ಮಾರಬಹುದೆಂದು ಸರ್ಕಾರ ಅಪ್ಪಣೆ ಕೊಡಿಸಿತು. ಅದುವರೆಗೆ ಪರಿಸರಕ್ಕೆ ವಿಷವೆನಿಸಿದ್ದ ನೀರು ಹೀಗೆ ಸರಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕಾಂಕ್ರೀಟು ಕಲೆಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚಿನಲ್ಲಿ ಸಾರಿದ್ದರಿಂದ ಗಿರಾಕಿಗಳೂ ಕಂಡುಬಂದರು. ಮಳೆ ಶುರುವಾದೊಡನೆ ಅವರು ಕರೆ ಸ್ವೀಕರಿಸುವುದನ್ನು ನಿಲ್ಲಿಸುತ್ತಾರೆ ಎಂಬುದು ಬೇರೆ ಮಾತು.

ಉಳಿದ ಅರ್ಧಕ್ಕೆ ದಾರಿಯನ್ನು ಸರ್ಕಾರ ತಾನೇ ತೋರಿಸಿಕೊಟ್ಟಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾಗಳು ಕೊಳೆ ತಿಂದು ಮುಗಿಸುವವರೆಗೆ, ಮಾತ್ರ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಫಿಲ್ಟರುಗಳ ಮೂರನೇ ಹಂತವೂ ಬೇಕೆಂದು ಅಲ್ಲಿನ ಹೋರಾಟಗಾರರು ಕೇಳಿದರೆ, ಅಂತರ್ಜಲ ಏರಿದ ಬಾವಿಗಳನ್ನು ತೋರಿಸಿ ಸಮಾಧಾನ ಹೇಳಲಾಗುತ್ತದೆ. ಅಪಾರ್ಟ್‌ಮೆಂಟಿನ ನೀರೋ ಮೂರನೇ ಹಂತವನ್ನೂ ದಾಟಿ, ಕ್ರೋಟನ್ನಿನ ಬುಡದಲ್ಲಿ ಕಾಯುತ್ತಿದೆ. ಹಾಗಾಗಿ ಮಂಡಳಿಯಲ್ಲಿ ಒಂದು ವಿನಂತಿ: ನೀರು ಗೇಟು ದಾಟಬಾರದೆಂಬ ಷರತ್ತು ಹಾಗೆಯೇ ಇರಲಿ, ಅದರ ಒಂದಕ್ಷರವನ್ನೂ ತಿದ್ದುವುದು ಬೇಡ, ಗೇಟನ್ನು ಮಾತ್ರ ಕೋಲಾರದ ಲಕ್ಷ್ಮೀಸಾಗರ ಕೆರೆಯ ಆಚೆಯ ದಂಡೆಯಲ್ಲಿ ಹಾಕಿಕೊಳ್ಳಲು ನಿವಾಸಿಗಳ ಸಂಘಗಳಿಗೆ ಅನುಮತಿ ದಯಪಾಲಿಸಬೇಕು. ಸ್ಥಾಪನಾ ಸಮ್ಮತಿ, ಕಾರ್ಯಾಚರಣೆ ಸಮ್ಮತಿ ಎರಡರ ಶುಲ್ಕವನ್ನೂ ಗೇಟಿಗೆ ಪ್ರತ್ಯೇಕವಾಗಿ ಕಟ್ಟಲು ಕಾರ್ಯದರ್ಶಿಗಳು ಸಿದ್ಧರಿದ್ದಾರೆ.