ಸರ್ಟಿಫಿಕೇಟ್ ಬರೋವರೆಗೆ ಆ ಮಗು ಏನು ಮಾಡಬೇಕು?

‘ಸೂರ್ಯ’ ಅನ್ನೋ ಪದವನ್ನು ಒಂದು ಸಲ ನೋಡಿ. ಬರೆಯುವಾಗ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಬಾಯಲ್ಲಿ ಹೇಳುವಾಗ ‘ರ್’ ಮೊದಲು, ‘ಯ’ ಆಮೇಲೆ. ನಮಗೆ ಇದು ಯಾವತ್ತೂ ತೊಡಕು ಅನ್ನಿಸಿಲ್ಲ, ಅಲ್ವಾ? ನನ್ನ ಐದನೇ ಕ್ಲಾಸಿನ ಹುಡುಗನೊಬ್ಬ ಈ ಪದದ ಮುಂದೆ ಅರ್ಧ ನಿಮಿಷ ನಿಂತುಬಿಟ್ಟಿದ್ದ. ‘ಸೂ... ಸೂಯ... ಸೂಯರ್...’ ಹಿಂದಿನ ಸಾಲಿನಿಂದ ಕಿಸಕ್ಕನೆ ನಗು. ‘ಎಷ್ಟು ಸಲ ಹೇಳಿಕೊಡಬೇಕೋ ನಿಂಗೆ’ ಅಂತ ಗದರಿ ಕೂರಿಸಿದವಳು ನಾನೇ.

ದಾವಣಗೆರೆಯ ಅಂಚಿನಲ್ಲಿ ಒಂದು ಸರ್ಕಾರಿ ಶಾಲೆ ನಮ್ಮದು. ಆ ಹುಡುಗನ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಭತ್ತ ನೆನೆಸುವುದರಿಂದ ಹಿಡಿದು ಬಿಸಿ ಮರಳಿನಲ್ಲಿ ಅಕ್ಕಿ ಅರಳುವವರೆಗೆ ಒಂದು ಹಂತವನ್ನೂ ಬಿಡದೆ ಹೇಳುತ್ತಾನೆ. ಪಾಠವನ್ನು ನಾನು ಓದಿ ಹೇಳಿದರೆ ಮೊದಲು ಕೈ ಎತ್ತುವವನೂ ಅವನೇ. ಅದೇ ಪ್ರಶ್ನೆ ಕಾಗದದ ಮೇಲೆ ಕೊಟ್ಟರೆ ಉತ್ತರ ಖಾಲಿ. ಒಂದಿಡೀ ವರ್ಷ ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

ಡಿಸ್ಲೆಕ್ಸಿಯಾ, ಅಂದರೆ ಓದಲು ಬರೆಯಲು ಕಲಿಯುವುದರಲ್ಲಿನ ತೊಂದರೆ, ಅನ್ನೋ ಪದ ಬಿ.ಎಡ್‌ನಲ್ಲಿ ಓದಿದ್ದೆ. ಅದೆಲ್ಲ ಇಂಗ್ಲಿಷ್ ಮೀಡಿಯಂ ಮಕ್ಕಳ ತೊಂದರೆ, ಕನ್ನಡದಲ್ಲಿ ಬರೆದ ಹಾಗೇ ತಾನೇ ಓದುವುದು ಅನ್ನೋ ಭ್ರಮೆ ನನಗಿತ್ತು. ಬರೆದ ಹಾಗೇ ಓದುವುದು ಬಹುಮಟ್ಟಿಗೆ ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ಕನ್ನಡದಲ್ಲಿ ಈ ಮಕ್ಕಳು ತಪ್ಪು ಓದುವುದಕ್ಕಿಂತ ನಿಧಾನ ಓದುವುದೇ ಜಾಸ್ತಿ. ಒಂದೊಂದೇ ಅಕ್ಷರ ಕೂಡಿಸಿಕೊಂಡು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಕಣ್ಣು, ಕಿವಿ ಮೊದಲು ಪರೀಕ್ಷೆ ಮಾಡಿಸಲೇಬೇಕು. ಆದರೆ ಇದು ಕಣ್ಣಿನ ದೋಷ ಅಲ್ಲ. ಶಬ್ದವನ್ನೂ ಅಕ್ಷರವನ್ನೂ ಜೋಡಿಸುವ ಕೆಲಸ ಮಿದುಳಿನಲ್ಲಿ ಸಲೀಸಾಗಿ ನಡೆಯುವುದಿಲ್ಲ, ಅಷ್ಟೇ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. (‘ಐನ್‌ಸ್ಟೀನ್‌ಗೂ ಇತ್ತಂತೆ’ ಅಂತ ವಾಟ್ಸಾಪ್ ಫಾರ್ವರ್ಡ್ ಕಳಿಸಬೇಡಿ ದಯವಿಟ್ಟು. ಆ ಹುಡುಗ ಐನ್‌ಸ್ಟೀನ್ ಆಗಬೇಕಿಲ್ಲ. ಏಳನೇ ಕ್ಲಾಸು ಪಾಸಾದರೆ ಸಾಕು.)

ಲೆಕ್ಕದ ತೊಂದರೆ ಇನ್ನೊಂದು ಥರ. ಅದಕ್ಕೆ ಡಿಸ್ಕ್ಯಾಲ್ಕುಲಿಯಾ ಅನ್ನುತ್ತಾರೆ. ಅದೇ ಕ್ಲಾಸಿನ ಒಬ್ಬ ಹುಡುಗಿ ಕಥೆ ಪುಸ್ತಕ ಗಟಗಟ ಓದುತ್ತಾಳೆ. ‘ನೂರ ಐದು’ ಬರಿ ಅಂದರೆ 1005 ಅಂತ ಬರೆಯುತ್ತಾಳೆ. ನೂರು ಬರೆದಳು, ಪಕ್ಕದಲ್ಲಿ ಐದು ಬರೆದಳು. ಅವಳ ಪ್ರಕಾರ ಸರಿಯಾಗೇ ಇದೆ! ಒಂಬತ್ತು, ತೊಂಬತ್ತು, ಒಂಬೈನೂರು ಅಂತ ಒಂದರ ಹಿಂದೆ ಒಂದು ಹೇಳಿದರಂತೂ ಕಣ್ಣಲ್ಲಿ ನೀರು. ಇಂಥವರಿಗೆ ನಾವು ಕೊಡುವ ಔಷಧ ಏನು? ಮಗ್ಗಿ ಹತ್ತು ಸಲ ಬರಿ. ಅಪ್ಪ ಅಮ್ಮ ಕೊಡುವ ಔಷಧ ಟ್ಯೂಷನ್. ಅಲ್ಲೂ ಅದೇ ಮಗ್ಗಿ.

ನಮ್ಮ ಕಡೆ ಮೆಕ್ಕೆಜೋಳಕ್ಕೇನು ಬರ? ಕೊಯ್ಲಿನ ಕಾಲಕ್ಕೆ ರಸ್ತೆ ಮೇಲೆಲ್ಲ ಅದೇ ಒಣಗುತ್ತಿರುತ್ತದೆ. ಮಕ್ಕಳಿಂದಲೇ ಒಂದು ಡಬ್ಬಿ ತರಿಸಿದೆ. ಹತ್ತು ಕಾಳಿಗೆ ಒಂದು ಖಾಲಿ ಬೆಂಕಿಪೊಟ್ಟಣ, ಹತ್ತು ಪೊಟ್ಟಣಕ್ಕೆ ಒಂದು ಚೀಲ. ನೂರ ಐದು ಅಂದರೆ ಒಂದು ಚೀಲ, ಬಿಡಿ ಕಾಳು ಐದು. ನಡುವೆ ಪೊಟ್ಟಣ ಇಲ್ಲ, ಅಲ್ಲಿಗೆ ಸೊನ್ನೆ. ಎರಡು ತಿಂಗಳು ಇದನ್ನೇ ಮಾಡಿದೆವು. ಪಾಠ ಹಿಂದೆ ಬಿತ್ತು. ಬೀಳಲಿ ಅಂದುಕೊಂಡೆ.

ಈಗ ಈ ಬರಹದ ಅಸಲಿ ವಿಷಯ. ‘ಆ ಮಗುವಿಗೆ ಸರ್ಟಿಫಿಕೇಟ್ ಇದೆಯಾ?’ ಅನ್ನುವುದು ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮೊದಲ ಪ್ರಶ್ನೆ. ಮಗುವಿಗೆ ಇಂಥ ತೊಂದರೆ ಇದೆ ಅಂತ ಆಸ್ಪತ್ರೆಯಿಂದ ಬರುವ ಕಾಗದ ಅದು. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾದಂಥ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ನ್ಯೂನತೆಗಳಲ್ಲಿ ಅದೂ ಸೇರಿತು. ಸಂತೋಷ. ಲಿಖಿತ ಪರೀಕ್ಷೆಗಳ ಬಗ್ಗೆ 2018ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಅಂತಿದೆ. ಅಂದರೆ 3 ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಅದಕ್ಕೆಲ್ಲ ಕಾಗದ ಬೇಕು, ಮಾಡಿಸಲೇಬೇಕು. ಆದರೆ ಮಗುವಿಗೆ ಒಂದನೇ ಕ್ಲಾಸಿನಿಂದಲೇ ಕಷ್ಟ ಶುರುವಾಗಿರುತ್ತದೆ. ನಾವು ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಎಚ್ಚರವಾಗುತ್ತೇವೆ. ಕಾಗದಕ್ಕಾಗಿ ಅಲೆಯುವ ದಿನ ಅಪ್ಪನಿಗೋ ಅಮ್ಮನಿಗೋ ಕೂಲಿಯೂ ಇಲ್ಲ.

ಕ್ಲಾಸಿನೊಳಗೆ ಮಾಡುವ ಸಹಾಯಕ್ಕೆ ಯಾವ ಕಾಗದವೂ ಬೇಡ. ಓಬವ್ವ ಕಿಂಡಿಯ ಹತ್ತಿರ ಒನಕೆ ಹಿಡಿದು ಯಾಕೆ ನಿಂತಳು ಅಂತ ಗೊತ್ತಿದೆಯಾ ಅಂತ ತಾನೇ ನಾನು ನೋಡಬೇಕಾದದ್ದು? ಬಾಯಲ್ಲಿ ಹೇಳಿದರೆ ಅದಕ್ಕೆ ಅಂಕ ಕೊಡಲು ನನಗೇನು ನಷ್ಟ? ಬೋರ್ಡಿನಿಂದ ಇಳಿಸಿಕೊಳ್ಳುವುದರಲ್ಲೇ ಆ ಹುಡುಗನ ಪೀರಿಯಡ್ ಮುಗಿಯುತ್ತಿತ್ತು. ಈಗ ಪಕ್ಕದವನ ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಒತ್ತಕ್ಷರಗಳನ್ನು ಎಲ್ಲ ಒಟ್ಟಿಗೆ ಸುರಿಯುವುದಿಲ್ಲ. ಒಂದು ವಾರ ಬರೀ ಅಕ್ಕ, ಪಕ್ಕ, ಚಿಕ್ಕ. ಮುಂದಿನ ವಾರ ಅಪ್ಪ, ಉಪ್ಪು, ತಪ್ಪು. ಕೇಳಬೇಕು, ಹೇಳಬೇಕು, ಮರಳಿನಲ್ಲಿ ಬೆರಳಿಟ್ಟು ಬರೆಯಬೇಕು. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ.

‘ಉಳಿದ ಮಕ್ಕಳಿಗೆ ಅನ್ಯಾಯ ಅಲ್ವಾ’ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಉಳಿದ ಮಕ್ಕಳು ಒಬ್ಬರೂ ಕೇಳಲಿಲ್ಲ. ಅವರಿಗೂ ಕಾಳಿನ ಡಬ್ಬಿ ಬೇಕಂತೆ, ಅದೇ ಜಗಳ.

ಇದೆಲ್ಲ ಸುಲಭ ಅಂತ ನಾನು ಹೇಳುತ್ತಿಲ್ಲ. 38 ಮಕ್ಕಳು, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಸರ್ವೆ. ಎಷ್ಟೋ ದಿನ ಆ ಹುಡುಗನ ಕಡೆ ತಿರುಗಿ ನೋಡಲೂ ಆಗುವುದಿಲ್ಲ. ಆದರೆ ಒಂದನ್ನು ಪೂರ್ತಿ ನಿಲ್ಲಿಸಿದ್ದೇನೆ. ಯಾರನ್ನೂ ಇದ್ದಕ್ಕಿದ್ದಂತೆ ಎಬ್ಬಿಸಿ ಜೋರಾಗಿ ಓದಿಸುವುದಿಲ್ಲ. ಯಾರ ಸರದಿ, ಯಾವ ಪ್ಯಾರಾ ಅಂತ ಮೊದಲೇ ಹೇಳುತ್ತೇನೆ. ಆ ಹುಡುಗ ಮನೆಯಲ್ಲಿ ಅಕ್ಕನ ಹತ್ತಿರ ನಾಲ್ಕು ಸಲ ಓದಿಸಿಕೊಂಡು ಬರುತ್ತಾನೆ.

ಅವನೀಗ ಏಳನೇ ಕ್ಲಾಸು. ಕಾಗದ ಇನ್ನೂ ಬಂದಿಲ್ಲ. ಮುಂದಿನ ಬುಧವಾರ ಮತ್ತೆ ಆಸ್ಪತ್ರೆಗೆ ಕರೆದಿದ್ದಾರೆ ಅಂತ ಅವರಮ್ಮ ಹೇಳಿದರು. ಮಂಗಳವಾರ ಅವನ ಓದುವ ಸರದಿ. ಪ್ಯಾರಾ ಯಾವುದು ಅಂತ ಇವತ್ತೇ ಹೇಳಿ ಕಳಿಸಿದ್ದೇನೆ.