ಸಫರ್ನ್‌ನ ಟೆಲಿಸ್ಕೋಪ್ ಸಂತೆ, ಧಾರವಾಡದ ಕೃಷಿ ಮೇಳ

ಏಪ್ರಿಲ್ ಹತ್ತಿರ ಬರುತ್ತಿದೆ. ನ್ಯೂಜೆರ್ಸಿಯ ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ, ರಾಜ್ಯದ ಗಡಿ ದಾಟುತ್ತಿದ್ದ ಹಾಗೇ ನ್ಯೂಯಾರ್ಕಿನ ಸಫರ್ನ್ ಅನ್ನುವ ಊರು ಸಿಗುತ್ತದೆ. ಅಲ್ಲಿನ ರಾಕ್‌ಲ್ಯಾಂಡ್ ಕಮ್ಯುನಿಟಿ ಕಾಲೇಜಿನಲ್ಲಿ ಏಪ್ರಿಲ್ ತಿಂಗಳ ಒಂದು ಶನಿವಾರ, ಭಾನುವಾರ ಆಕಾಶ ನೋಡುವ ಹವ್ಯಾಸಿಗಳ ದೊಡ್ಡ ಸಂತೆ ಸೇರುತ್ತದೆ. ಹೆಸರು ನಾರ್ತ್‌ಈಸ್ಟ್ ಆಸ್ಟ್ರಾನಮಿ ಫೋರಂ. ಹೋಗಿ ಬಂದವರೆಲ್ಲ 'ನೀಫ್' ಅಂತಲೇ ಕರೆಯುತ್ತಾರೆ. ನಡೆಸುವುದು ಯಾವುದೇ ಕಂಪನಿಯಲ್ಲ. ರಾಕ್‌ಲ್ಯಾಂಡ್ ಆಸ್ಟ್ರಾನಮಿ ಕ್ಲಬ್ ಅನ್ನುವ ಹವ್ಯಾಸಿಗಳ ಬಳಗ.

ಮೊದಲ ಸಲ ಆ ದೊಡ್ಡ ಹಾಲಿನೊಳಗೆ ಕಾಲಿಟ್ಟಾಗ ನನಗೆ ನೆನಪಾಗಿದ್ದು ಧಾರವಾಡದ ಕೃಷಿ ಮೇಳ. ನಾನು ಗದಗ ಕಡೆಯವನು. ಪಿಯುಸಿ ಓದುವಾಗ ಅಪ್ಪನ ಜೊತೆ ಮೇಳಕ್ಕೆ ಹೋಗುತ್ತಿದ್ದೆ. ಅಲ್ಲಿ ರೈತರು ಬಿತ್ತನೆ ಕೂರಿಗೆಯ ಹಲ್ಲನ್ನು ಕೈಯಿಂದ ಅಲುಗಾಡಿಸಿ ನೋಡುತ್ತಿದ್ದರು. ಜೋಳದ ತೆನೆ ಹಿಡಿದು ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಯನ್ನು ನಿಲ್ಲಿಸಿ, "ಸರ್, ನಮ್ಮ ಎರಿ ಹೊಲಕ್ಕ ಇದು ನಡೀತದೇನ್ರಿ?" ಅಂತ ಕೇಳುತ್ತಿದ್ದರು. ಕೇಳಲು ಯಾರಿಗೂ ಅಂಜಿಕೆ ಇರಲಿಲ್ಲ. ಸಫರ್ನ್‌ನಲ್ಲಿ ಕೂರಿಗೆ ಇದ್ದ ಜಾಗದಲ್ಲಿ ಟೆಲಿಸ್ಕೋಪ್ ಇತ್ತು, ಅಷ್ಟೇ. ಮುಟ್ಟಿ ನೋಡುವ ಕೈ ಅದೇ, ಕೇಳುವ ದನಿಯೂ ಅದೇ.

ಆ ವರ್ಷ ನಾನು ಒಂದು ನೋವು ಹೊತ್ತುಕೊಂಡು ಹೋಗಿದ್ದೆ. ಅದಕ್ಕೆ ಸ್ವಲ್ಪ ಮೊದಲು ಒಂದು ಅಂಗಡಿಯಲ್ಲಿ ಟೆಲಿಸ್ಕೋಪ್ ಕೊಂಡಿದ್ದೆ. ಡಬ್ಬಿಯ ಮೇಲೆ '525 ಪಟ್ಟು ದೊಡ್ಡದಾಗಿ ಕಾಣುತ್ತದೆ' ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಶನಿಗ್ರಹದ ಚಿತ್ರ ಬೇರೆ. ಮನೆ ಹಿಂದೆ ಅದನ್ನು ನಿಲ್ಲಿಸಿ ಗುರುಗ್ರಹದ ಕಡೆ ತಿರುಗಿಸಿದರೆ ಗುರು ಬಾಣಲೆಯಲ್ಲಿ ಹಾಕಿದ ಸಾಸಿವೆ ಥರ ಸಿಡಿಯುತ್ತಿತ್ತು. ಮಗಳಿಗೆ ಆಗ ಏಳು ವರ್ಷ. ಎರಡು ರಾತ್ರಿ ನೋಡಿದಳು, ಮೂರನೇ ರಾತ್ರಿ ಹೊರಗೆ ಬರಲಿಲ್ಲ.

ನೀಫ್‌ನ ಒಂದು ಮಳಿಗೆಯಲ್ಲಿ ನಿಂತಿದ್ದ ವಯಸ್ಸಾದವರೊಬ್ಬರಿಗೆ ಇದನ್ನು ಹೇಳಿದೆ. ಅವರು ಏನೂ ಮಾತಾಡದೆ ನನ್ನನ್ನು ಒಂದು ಟೆಲಿಸ್ಕೋಪ್ ಹತ್ತಿರ ಕರೆದುಕೊಂಡು ಹೋದರು. ಐಪೀಸಿನಲ್ಲಿ, ಅಂದರೆ ನೋಡುವ ತುದಿಗೆ ಹಾಕುವ ಪುಟ್ಟ ಮಸೂರದಲ್ಲಿ, ಕಣ್ಣಿಡು ಅಂದರು. ಹಾಲಿನ ಆಚೆ ತುದಿಯ ಬೋರ್ಡಿನ ಮೇಲಿದ್ದ ಅಕ್ಷರಗಳು ಕಂಡವು. ಆಮೇಲೆ ಟ್ರೈಪಾಡಿನ ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಅಕ್ಷರಗಳು ನಡುಗಿದವು. ಅವರು ಒಂದು, ಎರಡು ಅಂತ ಎಣಿಸಿದರು. ಎರಡು ಎಣಿಸುವಷ್ಟರಲ್ಲಿ ಅಕ್ಷರ ನಿಂತಿತ್ತು. "ನಿನ್ನದರಲ್ಲಿ ಎಷ್ಟು ಎಣಿಸಬೇಕು?" ಅಂತ ಕೇಳಿದರು. ನನಗೆ ಅಲ್ಲೇ ಅರ್ಥವಾಯಿತು. ಮೊದಲು ಕಾಲು ಗಟ್ಟಿಯಿರಬೇಕು, ಗಾಜಿನ ವಿಚಾರ ಆಮೇಲಿನದು. ಮಸೂರವೋ ಕನ್ನಡಿಯೋ ಎಷ್ಟು ಮಿಲಿಮೀಟರ್ ಅಗಲವಿದೆಯೋ ಅದರ ಎರಡರಷ್ಟು ಪಟ್ಟು ದೊಡ್ಡದಾಗಿ ತೋರಿಸುವುದು ಹೆಚ್ಚುಕಡಿಮೆ ಕೊನೆಯ ಮಿತಿ. ನನ್ನದು 60 ಮಿಲಿಮೀಟರ್. ಅಂದರೆ 120 ಪಟ್ಟು. ಅದರಾಚೆಗೆ ಬಿಂಬ ಸುಮ್ನೆ ಊದಿಕೊಳ್ಳುತ್ತದೆ, ಹೊಸದೇನೂ ಕಾಣುವುದಿಲ್ಲ. ಇಷ್ಟು ಹೇಳಿ, ತಮ್ಮ ಮಳಿಗೆಯ ಸಾಮಾನು ಯಾವುದನ್ನೂ ನನಗೆ ಮಾರದೆ, ಎರಡು ಮಳಿಗೆ ಆಚೆ ಇದ್ದ ಡಾಬ್ಸೋನಿಯನ್ ತೋರಿಸಿ ಅದನ್ನು ನೋಡು ಅಂದರು.

ಡಾಬ್ಸೋನಿಯನ್ ಅಂದರೆ ಟ್ರೈಪಾಡ್ ಇಲ್ಲದ, ಮರದ ಪೆಟ್ಟಿಗೆಯಲ್ಲಿ ಕೂರುವ ಕನ್ನಡಿ ಟೆಲಿಸ್ಕೋಪ್. ತೋಪಿನ ಥರ ಕೈಯಿಂದಲೇ ಮೇಲೆ ಕೆಳಗೆ, ಆಚೆ ಈಚೆ ತಿರುಗಿಸಬಹುದು. ಇದನ್ನು ಜನರ ನಡುವೆ ತಂದ ಜಾನ್ ಡಾಬ್ಸನ್ ಅವರ ಕಥೆ ನಮ್ಮವರಿಗೆ ಗೊತ್ತಿರಬೇಕು. ಅವರು ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ, ನಮ್ಮ ರಾಮಕೃಷ್ಣ ಪರಂಪರೆಯಲ್ಲೇ, 23 ವರ್ಷ ಸಾಧುವಾಗಿದ್ದವರು. ಕೈಯಲ್ಲಿ ಕಾಸಿರಲಿಲ್ಲ. ಹಡಗಿನ ಕಿಟಕಿಯ ಹಳೆಯ ಗಾಜು ತಂದು ಉಜ್ಜಿ ಕನ್ನಡಿ ಮಾಡಿದರು. ಕೊಳವೆಗೆ ರಟ್ಟು, ಪೆಟ್ಟಿಗೆಗೆ ಪ್ಲೈವುಡ್. 1967ರಲ್ಲಿ ಆಶ್ರಮ ಬಿಟ್ಟ ಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ಹೋಗುವವರನ್ನು ಬರುವವರನ್ನು ಕರೆದು ಚಂದ್ರನನ್ನು ತೋರಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಇವತ್ತು ಅದೇ ವಿನ್ಯಾಸವನ್ನು ಎಷ್ಟೋ ಕಂಪನಿಗಳು ಮಾರುತ್ತಿವೆ.

ಆಶ್ರಮ, ಸಾಧು, ದಾನ ಎಲ್ಲ ನಮ್ಮ ಮಾತುಗಳೇ ಅಲ್ವಾ? ಆದರೆ ನಮ್ಮಲ್ಲಿ ಆಕಾಶವನ್ನು ಹಾಗೆ ಬೀದಿಗೆ ತಂದು ಹಂಚಿದ್ದು ಕಡಿಮೆ. ಇದು ನನ್ನನ್ನು ಬಹಳ ಕಾಡುವ ವಿಷಯ. ಕಾಡಲು ಕಾರಣವೂ ಇದೆ.

1980ರ ಫೆಬ್ರುವರಿ 16. ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋದ ದಿನ. ನನಗೆ ಏಳು ವರ್ಷ. ಮಧ್ಯಾಹ್ನದಿಂದಲೇ ಅವ್ವ ಬಾಗಿಲು ಕಿಟಕಿ ಹಾಕಿದ್ದಳು. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇತ್ತು. ಓಣಿಯಲ್ಲಿ ಒಂದು ದನಿ ಇಲ್ಲ. ನಮ್ಮ ಕಿಟಕಿಯ ಹಲಗೆಯಲ್ಲಿ ಗಂಟು ಉದುರಿ ಆದ ಒಂದು ತೂತಿತ್ತು. ಅದರಿಂದ ಸೆಗಣಿ ಸಾರಿಸಿದ ನೆಲದ ಮೇಲೆ ದಿನಾ ಒಂದು ದುಂಡನೆಯ ಬಿಸಿಲು ಬೀಳುತ್ತಿತ್ತು. ಆ ದಿನ ಅದು ದುಂಡಗಿರಲಿಲ್ಲ. ನೋಡುತ್ತಾ ಇದ್ದ ಹಾಗೆ ಕುಡುಗೋಲಿನ ಆಕಾರಕ್ಕೆ ಬಂತು. ತೆಳ್ಳಗಾಯಿತು. ಮೂರೂವರೆ ದಾಟಿದ ಮೇಲೆ ಆರಿಹೋಯಿತು. ಮತ್ತೆ ಈ ಕಡೆಯಿಂದ ಇನ್ನೊಂದು ಕುಡುಗೋಲು ಹುಟ್ಟಿತು. ಆ ತೂತು ಸೂರ್ಯನ ಚಿತ್ರವನ್ನೇ ನೆಲದ ಮೇಲೆ ಬಿಡಿಸುತ್ತಿತ್ತು ಅನ್ನುವುದು ನನಗೆ ತಿಳಿದಿದ್ದು ಎಷ್ಟೋ ವರ್ಷಗಳ ಮೇಲೆ.

ಅವ್ವನದು ತಪ್ಪು ಅಂತ ನಾನು ಹೇಳುವುದಿಲ್ಲ. ಬರಿಗಣ್ಣಲ್ಲಿ ಗ್ರಹಣದ ಸೂರ್ಯನನ್ನು ನೋಡಿದರೆ ಕಣ್ಣು ಹೋಗಬಹುದು. ಅವಳ ಭಯಕ್ಕೆ ಬುಡ ಇತ್ತು. ಆಗ ದೇಶದ ವಿಜ್ಞಾನಿಗಳು ನಮ್ಮ ಕಡೆಗೇ ಬಂದಿದ್ದರು, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ನಮ್ಮ ಓಣಿಗೆ ಒಂದು ಸರಿಯಾದ ಫಿಲ್ಟರ್ ಹಿಡಿದು ಬರುವ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ.

2024ರ ಏಪ್ರಿಲ್ 8ರಂದು ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ಮಗಳನ್ನು ಕರೆದುಕೊಂಡು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ಗೆ ಹೋದೆ. ಅಲ್ಲೂ ಮಧ್ಯಾಹ್ನ ಮೂರೂವರೆಯ ಆಸುಪಾಸು. ಮೂರು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಕತ್ತಲು. ಕೆರೆಯ ದಂಡೆಯ ಮೇಲೆ ಸಾವಿರಾರು ಜನ. ಪಕ್ಕದಲ್ಲಿದ್ದ ಹೆಂಗಸು ನಮಗೆ ಗುರುತಿಲ್ಲ, ಆದರೂ ಗ್ರಹಣದ ಕನ್ನಡಕ ಇದೆಯಾ ಅಂತ ಮಗಳನ್ನು ಎರಡು ಸಲ ಕೇಳಿದರು. ಆ ಕತ್ತಲಲ್ಲಿ ನನಗೆ ನಮ್ಮ ಮನೆಯ ಸೆಗಣಿ ನೆಲ ನೆನಪಾಗಿ ಅಳು ಬಂತು. ಭಾರತದ ನೆಲದ ಮೇಲೆ ಮುಂದಿನ ಪೂರ್ಣ ಸೂರ್ಯಗ್ರಹಣ 2034ರ ಮಾರ್ಚ್ 20ಕ್ಕೆ, ಅದೂ ಲಡಾಖ್ ಕಡೆ.

ನಮ್ಮಲ್ಲಿ ಏನೂ ನಡೆಯುತ್ತಿಲ್ಲ ಅಂತಲ್ಲ. ಬೆಂಗಳೂರಿನ ಹವ್ಯಾಸಿಗಳ ಸಂಘ 1976ರಷ್ಟು ಹಳೆಯದು. ನೆಹರೂ ತಾರಾಲಯ ಇದೆ, ಮಂಗಳೂರಿನ ಪಿಲಿಕುಳ ಇದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಡಗಿನ ಗುಡ್ಡದ ಮೇಲೆ ಜನ ಸೇರಿದ್ದರು. ಇದೆಲ್ಲ ಸಂತೋಷದ ವಿಷಯ. ಆದರೂ ಗದಗಿನ ಹುಡುಗನೊಬ್ಬ ಇವತ್ತು ಟೆಲಿಸ್ಕೋಪ್ ಕೊಳ್ಳಬೇಕು ಅಂದರೆ ಫೋನಿನಲ್ಲಿ ಚಿತ್ರ ನೋಡಿಯೇ ಕೊಳ್ಳಬೇಕು. ನನಗೆ ಬಂದ ಹಾಗೆ '525 ಪಟ್ಟು' ಡಬ್ಬಿಯೇ ಅವನಿಗೂ ಬರಬಹುದು. ಕಾಲಿಗೆ ತಟ್ಟಿ ಎಣಿಸಿ ತೋರಿಸುವವರು ಅವನಿಗೆ ಯಾರಿದ್ದಾರೆ?

ನಮ್ಮ ಕಾರ್ಯಕ್ರಮಗಳ ರೀತಿಯೇ ಬೇರೆ. ವೇದಿಕೆ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ, ಕೊನೆಗೆ ಪ್ರಶ್ನೆಗೆ ಐದು ನಿಮಿಷ. ಮಕ್ಕಳು ಸಾಲಾಗಿ ಕೂತು ಕೇಳುತ್ತಾರೆ. ನೀಫ್‌ನಲ್ಲೂ ಭಾಷಣ ಇರುತ್ತದೆ, ಗಗನಯಾತ್ರಿಗಳೂ ಬರುತ್ತಾರೆ. ಆದರೆ ಜೀವ ಇರುವುದು ಮಳಿಗೆಗಳ ನಡುವಿನ ಓಣಿಯಲ್ಲಿ. ಟೆಲಿವ್ಯೂ ಕಂಪನಿಯ ಮಳಿಗೆಯಲ್ಲಿ ನನ್ನ ಕೈಗೆ 31 ಮಿಲಿಮೀಟರ್ ನಾಭಿದೂರದ ನೇಗ್ಲರ್ ಐಪೀಸ್ ಕೊಟ್ಟರು. ಒಂದೇ ಐಪೀಸ್, ಸುಮಾರು ಒಂದು ಕಿಲೋ ತೂಕ. ಕೊಳ್ಳುವವನಲ್ಲ ಅಂತ ನನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಕೊಟ್ಟರು. ಕಣ್ಣಿಟ್ಟರೆ ಕಿಟಕಿಯಿಂದ ಇಣುಕಿದ ಹಾಗಲ್ಲ, ಜಗಲಿಯಲ್ಲಿ ನಿಂತು ನೋಡಿದ ಹಾಗೆ. ಆ ಐಪೀಸ್ ರೂಪಿಸಿದ ಅಲ್ ನೇಗ್ಲರ್ ಮೊದಲು ಅಪೋಲೋ ಯಾತ್ರಿಗಳ ತರಬೇತಿಗೆ ಬೇಕಾದ ಮಸೂರಗಳ ಕೆಲಸ ಮಾಡಿದ್ದವರು. ಚಂದ್ರನ ಮೇಲೆ ಇಳಿಯುವ ನೌಕೆಯ ಕಿಟಕಿಯಾಚೆ ಏನು ಕಾಣುತ್ತದೆ ಅಂತ ತೋರಿಸುವ ಯಂತ್ರ ಅದು. ಆ ಅಗಲವನ್ನೇ ಹಿತ್ತಲಿನಲ್ಲಿ ನಿಂತು ನೋಡುವವರಿಗೂ ಕೊಟ್ಟರು.

ಹೊರಗೆ ಸೂರ್ಯನನ್ನು ತೋರಿಸುವ ಟೆಲಿಸ್ಕೋಪ್‌ಗಳು ಸಾಲಾಗಿ ನಿಂತಿರುತ್ತವೆ. ಹೈಡ್ರೋಜನ್ನಿನ ಒಂದೇ ಒಂದು ಕೆಂಪು ಬಣ್ಣವನ್ನು ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುವ ಫಿಲ್ಟರ್ ಅವಕ್ಕೆ. ಒಬ್ಬರು ಹಾಲಿನ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಮಗಳನ್ನು ನಿಲ್ಲಿಸಿದರು. ಫಿಲ್ಟರ್ ಸರಿಯಾಗಿ ಕೂತಿದೆಯಾ ಅಂತ ಕೈಯಾಡಿಸಿ ನೋಡಿಕೊಂಡು, ಆಮೇಲೆ ಅವಳಿಗೆ ಜಾಗ ಬಿಟ್ಟರು. "ಅಪ್ಪಾ, ಅಂಚಲ್ಲಿ ಕೂದಲು ಥರ ಎದ್ದಿದೆ" ಅಂದಳು. ಆ ಒಂದು ಕೂದಲಿನ ಪಕ್ಕ ನಮ್ಮ ಭೂಮಿ ಸಾಸಿವೆ ಕಾಳು ಅಂತ ಅವರು ಹೇಳಿದಾಗ ಕ್ರೇಟಿನಿಂದ ಇಳಿಯಲೇ ಇಲ್ಲ. ಹಿಂದೆ ಇದ್ದವರು ಯಾರೂ ಅವಸರ ಮಾಡಲಿಲ್ಲ.

ಇಲ್ಲೂ ಕೊರತೆ ಇದೆ. ಹಾಲಿನ ತುಂಬ ನರೆತ ತಲೆಗಳೇ ಜಾಸ್ತಿ. ಬೆಂಗಳೂರಿನಲ್ಲಿ ಆಕಾಶ ನೋಡಲು ಹೊರಡುವ ವ್ಯಾನಿನಲ್ಲಿ ಕಾಣುವಷ್ಟು ಇಪ್ಪತ್ತರ ಹುಡುಗ ಹುಡುಗಿಯರು ಇಲ್ಲಿ ಕಾಣುವುದಿಲ್ಲ. ಮೀಡ್, ಓರಿಯನ್ ಅನ್ನುವ ಹಳೆಯ ಅಮೆರಿಕನ್ ಕಂಪನಿಗಳು 2024ರಲ್ಲಿ ಮುಚ್ಚಿಹೋದವು. ಈಗ ಜನ ಮುತ್ತುವುದು ಚೀನಾದಲ್ಲಿ ತಯಾರಾದ, ತಾನೇ ಹುಡುಕಿ ಚಿತ್ರ ತೆಗೆದು ಫೋನಿಗೆ ಕಳಿಸುವ ಪುಟ್ಟ ಟೆಲಿಸ್ಕೋಪ್‌ಗಳ ಮಳಿಗೆಗೆ. ದೀಪದ ಬೆಳಕಿನಲ್ಲಿ ಮುಳುಗಿದ ಪಟ್ಟಣಕ್ಕೆ ಅವು ಒಳ್ಳೆಯವೇ. ನನ್ನ ಆಸೆ ಮಾತ್ರ ಕಣ್ಣು ನೇರ ನೋಡಲಿ ಅನ್ನುವುದು.

ಇನ್ನೊಂದು ಸಂಪತ್ತು ಇಲ್ಲಿಲ್ಲ, ನಮ್ಮಲ್ಲಿದೆ. ನೀಫ್ ಮುಗಿದ ಸಂಜೆ ಪಾರ್ಕಿಂಗ್ ಜಾಗದಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದ್ದೆ. ಪೂರ್ವದಲ್ಲಿ ಕಿತ್ತಳೆ ಬಣ್ಣದ ನಕ್ಷತ್ರವೊಂದು ಏರುತ್ತಿತ್ತು. ಸಪ್ತರ್ಷಿಯ ಬಾಲದ ಬಾಗನ್ನು ಹಾಗೇ ಮುಂದೆ ಎಳೆದರೆ ಸಿಗುವ ನಕ್ಷತ್ರ. ಇಲ್ಲಿನವರು ಆರ್ಕ್‌ಟ್ಯುರಸ್ ಅನ್ನುತ್ತಾರೆ. "ಅದು ಸ್ವಾತಿ ಅವ್ವಾ" ಅಂದೆ. "ಸ್ವಾತಿ ಮಳಿ ಹನಿ ಮುತ್ತಾಗತದ" ಅಂದಳು ಅವ್ವ. ಆಮೇಲೆ ಕೇಳದೆಯೇ "ರೋಹಿಣಿ ಮಳಿ ಬಂದ್ರ ಓಣಿ ತುಂಬ ಜೋಳ" ಅಂತ ಶುರು ಮಾಡಿ ಮೃಗಶಿರ, ಆರಿದ್ರ, ಹುಬ್ಬ, ಉತ್ತರೆ, ಹಸ್ತ ಎಲ್ಲ ಹೇಳಿ ಮುಗಿಸಿದಳು. ಅವಳು ಎಂದೂ ಆ ನಕ್ಷತ್ರಗಳನ್ನು ಆಕಾಶದಲ್ಲಿ ಗುರುತು ಹಿಡಿದವಳಲ್ಲ. ಹಿಡಿಯುವುದೂ ಕಷ್ಟ. ಆರಿದ್ರ ಮಳೆ ಅಂದರೆ ಸೂರ್ಯ ಆರಿದ್ರ ನಕ್ಷತ್ರದ ಕಡೆಗೆ ಬಂದಿರುವ ಕಾಲ. ಆಗ ಆ ನಕ್ಷತ್ರ ಹಗಲಿನ ಬೆಳಕಲ್ಲೇ ಮುಳುಗಿರುತ್ತದೆ. ಮಳೆಯಾಗಿ ಬರುವಾಗ ಕಾಣದ ಆರಿದ್ರ ಡಿಸೆಂಬರ್ ರಾತ್ರಿಯಲ್ಲಿ ನೆತ್ತಿಯ ಹತ್ತಿರ ಕೆಂಪಗೆ ಉರಿಯುತ್ತದೆ. ಇದನ್ನು ಕನ್ನಡದಲ್ಲಿ ಒಬ್ಬ ರೈತನಿಗೆ ಬೆರಳು ಮಾಡಿ ತೋರಿಸಿದರೆ ಅವನಿಗೆ ಬೇರೆ ಪಾಠವೇ ಬೇಡ. ಹೆಸರು ಅವನಿಗೆ ಮೊದಲೇ ಗೊತ್ತು.

ಅದಕ್ಕೇ ನನಗೆ ಅನಿಸುವುದು, ಈ ಮೇಳ ನಮ್ಮಲ್ಲೂ ಆಗಬೇಕು. ಬೆಂಗಳೂರಿನಲ್ಲಿ ಬೇಡ. ಧಾರವಾಡದಲ್ಲೋ ಗದಗಿನಲ್ಲೋ ಆಗಲಿ. ಡಿಸೆಂಬರಿನಲ್ಲಿ, ಅಮಾವಾಸ್ಯೆಯ ಹತ್ತಿರದ ಶನಿವಾರ, ಭಾನುವಾರ. ಸಫರ್ನ್‌ನಲ್ಲಿ ಏಪ್ರಿಲ್ ಮೋಡ ಬಂದರೆ ಸೂರ್ಯನ ಟೆಲಿಸ್ಕೋಪ್‌ಗಳಿಗೆ ಹೊದಿಕೆ ಹಾಕಬೇಕಾಗುತ್ತದೆ. ನಮ್ಮ ಡಿಸೆಂಬರಿನಲ್ಲಿ ಬಿಸಿಲಿಗೇನು ಬರ? ಹಗಲು ಮಳಿಗೆ, ಹಳೆಯ ಟೆಲಿಸ್ಕೋಪ್ ಕೊಳ್ಳುವುದು ಮಾರುವುದು, ಪುಣೆಯ ಖಗೋಳ ವಿಜ್ಞಾನ ಕೇಂದ್ರವಾದ ಅಯೂಕಾದಲ್ಲಿ ಕಲಿಸುವ ಹಾಗೆ ಕನ್ನಡಿ ಉಜ್ಜುವ ಕೆಲಸ. ರಾತ್ರಿ ಹತ್ತು ಮೈಲಿ ಆಚೆ ಯಾರದಾದರೂ ಹೊಲದ ಬದುವಿನ ಮೇಲೆ ಆಕಾಶ. ರಾತ್ರಿಯ ಭಾಗ ನೀಫ್‌ನಲ್ಲಿಲ್ಲ. ಮೇಳ ಕಟ್ಟುವುದನ್ನು ಧಾರವಾಡಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಏಪ್ರಿಲ್‌ನಲ್ಲಿ ನಾನು ಸಫರ್ನ್‌ಗೆ ಹೋಗುವಾಗ ಕೈಯಲ್ಲಿ ಕೊಳ್ಳುವ ಪಟ್ಟಿ ಇರುವುದಿಲ್ಲ. ಕೇಳುವ ಪಟ್ಟಿ ಇರುತ್ತದೆ. ಮೇಜಿಗೆ ಬಾಡಿಗೆ ಹೇಗೆ ಲೆಕ್ಕ ಹಾಕುತ್ತಾರೆ, ಸ್ವಯಂಸೇವಕರು ಎಷ್ಟು ಜನ ಬೇಕು, ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಾರೆ, ಶಾಲೆ ಮಕ್ಕಳು ಬಂದಾಗ ಸೂರ್ಯನ ಟೆಲಿಸ್ಕೋಪ್ ಪಕ್ಕ ಒಬ್ಬರು ನಿಂತರೆ ಸಾಕಾ, ಇಬ್ಬರು ಬೇಕಾ. ಕ್ಲಬ್‌ನವರು ಬಿಡುವಾಗಿ ಸಿಗುವುದು ಭಾನುವಾರ ಮಧ್ಯಾಹ್ನ, ಮಳಿಗೆಗಳನ್ನು ಕಳಚುವ ಹೊತ್ತಿಗೆ. ಮಗಳೂ ಬರುತ್ತೇನೆ ಅಂದಿದ್ದಾಳೆ. ಪ್ರಶ್ನೆಗಳನ್ನು ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಉತ್ತರ ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.